ಮೇಣದ ಕಥೆ ಮತ್ತು ಕರ್ಕ್‌ಲ್ಯಾಂಡಿನ ಬಸ್ಸು

ವಿಮಾನ ನಿಲ್ದಾಣ

ನಾನು ಹುಟ್ಟಾ ಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಅಮೆರಿಕಕ್ಕೆ ಹೋಗಿಬಂದವರೆಲ್ಲ ಸರೋವರ, ಹಿಮಪರ್ವತ, ಮುಗಿಲು ಮುಟ್ಟುವ ಕಟ್ಟಡ ಎಂದು ಬರೆಯುತ್ತಾರೆ. ಅವನ್ನೆಲ್ಲ ನಾನೂ ನೋಡಿದ್ದೇನೆ, ಇಲ್ಲವೆನ್ನುವುದಿಲ್ಲ. ಆದರೆ ಸಿಯಾಟಲ್ ಸೀಮೆಯಲ್ಲಿ ಆ ಬೇಸಿಗೆಯಲ್ಲಿ ನಾನು ಮಾಡಿದ ಮುಖ್ಯ ಕೆಲಸವೆಂದರೆ ಹೆದರಿದ್ದು. ಕೈಯೊಡ್ಡಿದರೆ ತಾನಾಗಿ ನೀರು ಬಿಡುವ ನಲ್ಲಿಗೆ ಹೆದರಿದೆ. ಒಗ್ಗರಣೆ ಹಾಕಿದ್ದಕ್ಕೆ ಚಾವಣಿಯಿಂದ ಕಿರುಚಿಕೊಂಡ ಯಂತ್ರಕ್ಕೆ ಹೆದರಿದೆ. ಕೊನೆಗೆ ಒಂದು ಫ್ರೆಂಚ್ ಪದಕ್ಕೆ ಹೆದರಿ ನಿದ್ದೆಗೆಟ್ಟೆ. ಇದು ಆ ಕೊನೆಯ ಹೆದರಿಕೆಯ ಕಥೆ.

ಮೈಸೂರಿನ ಒಂದು ಕಾಲೇಜಿನಲ್ಲಿ ನಾನು ಫ್ರೆಂಚ್ ಕಲಿಸುತ್ತೇನೆ. ನನಗೆ ಫ್ರೆಂಚ್ ಕಲಿಸಿದವರು ಶೇಷಾದ್ರಿ ಸರ್. ಹೆಂಡತಿ ತೀರಿಕೊಂಡ ಮೇಲೆ ಅವರು ಸಿಯಾಟಲ್ ಹತ್ತಿರದ ನ್ಯೂಕ್ಯಾಸಲ್‌ನಲ್ಲಿರುವ ಮಗಳು ಮಂಜುಳಾಳ ಮನೆಗೆ ಹೋಗಿ ನೆಲೆಸಿದ್ದರು. ಒಂದು ಬೆಳಿಗ್ಗೆ ಮಂಜುಳಾ ಫೋನ್ ಮಾಡಿದಳು.

"ಸುಮಿತ್ರಕ್ಕ, ಅಪ್ಪ ಇಲ್ಲಿ ಯಾರ್ ಜೊತೆನೂ ಮಾತಾಡಲ್ಲ, ರೂಮ್ ಬಿಟ್ಟು ಆಚೆ ಬರಲ್ಲ. ಈಗ ಇಲ್ಲಿ ಫ್ರೆಂಚ್ ಗ್ರೂಪ್ ಒಂದಿದೆ, ಅವ್ರು ಟಾಕ್ ಕೊಡಿ ಅಂತ ಕೇಳಿದ್ರು, ಒಪ್ಕೊಂಡ್ಬಿಟ್ರು! ಅವತ್ತಿಂದ ದಿನಾ ಶೇವ್ ಮಾಡ್ಕೊತಿದಾರೆ ಗೊತ್ತಾ? ಅಮ್ಮ ಹೋದ್ಮೇಲೆ ಇದೇ ಫಸ್ಟ್ ಟೈಮ್. ನೀವು ರಜಾದಲ್ಲಿ ಬಂದ್ಬಿಡಿ, ಪ್ಲೀಸ್. ನೀವಿದ್ರೆ ಅವ್ರಿಗೊಂದು ಧೈರ್ಯ."

ನನ್ನಿಂದ ಇನ್ನೊಬ್ಬರಿಗೆ ಧೈರ್ಯ! ಕೇಳಿ ನಗು ಬಂತು. ಆದರೆ ಸರ್ ಅಂದಮೇಲೆ ಇಲ್ಲವೆನ್ನಲಾಗಲಿಲ್ಲ, ಹೊರಟೆ.

ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ನೋಡುವ ಅಧಿಕಾರಿ, ಯಾರನ್ನು ನೋಡಲು ಬಂದಿರಿ ಎಂದು ಕೇಳಿದ. ನಮ್ಮ ಮೇಷ್ಟ್ರನ್ನು ಎಂದೆ. ಏನು ಕಲಿಸುತ್ತಾರೆ ಎಂದ. ಫ್ರೆಂಚ್ ಎಂದೆ. ಆತ ನನ್ನ ನರೆತ ಕೂದಲು ನೋಡಿದ, ಪಾಸ್‌ಪೋರ್ಟ್ ನೋಡಿದ. "ಅಂದರೆ, ಇಂಡಿಯಾದಿಂದ ಅಮೆರಿಕಕ್ಕೆ ನೀವು ಫ್ರೆಂಚ್ ಮೇಷ್ಟ್ರಿಗೋಸ್ಕರ ಬಂದಿದ್ದೀರಿ?" ಎಂದು ನಿಧಾನವಾಗಿ ಕೇಳಿದ. ನಿಜ ಹೇಳಿಯೂ ಸಿಕ್ಕಿಬೀಳುತ್ತೇನೆಂದು ಹೆದರಿದೆ. ಆತ ಜೋರಾಗಿ ನಕ್ಕು ಮುದ್ರೆ ಒತ್ತಿದ. ಹೊರಗೆ ಕಾಯುತ್ತಿದ್ದ ಮಂಜುಳಾ ಕಾಣುವವರೆಗೂ ಆತ ಹಿಂದಿನಿಂದ ವಾಪಸ್ ಕರೆಯಬಹುದು ಎಂದೇ ನಡೆದೆ.

ನ್ಯೂಕ್ಯಾಸಲ್

ನ್ಯೂಕ್ಯಾಸಲ್ ಎಂಬುದು ಗುಡ್ಡದ ಮೇಲೆ ಹರಡಿದ ಮನೆಗಳ ಊರು. ಮನೆಗಳಿವೆ, ಮನುಷ್ಯರು ಕಾಣುವುದಿಲ್ಲ. ನಮ್ಮ ಬೀದಿಗಳಲ್ಲಿ ಒಂದು ಸೌತೆಕಾಯಿ ಕೊಳ್ಳಲು ಹೊರಟರೆ ನಾಲ್ಕು ಜನ ಎಲ್ಲಿಗೆ ಅಂತ ಕೇಳುತ್ತಾರೆ. ಇಲ್ಲಿ ಅಪರೂಪಕ್ಕೆ ನಾಯಿ ಹಿಡಿದು ಎದುರಾದವರು ಹಲ್ಲು ಬಿಟ್ಟು ನಕ್ಕು, ಹೇಗಿದ್ದೀರಿ ಎಂದು ಕೇಳಿ, ಉತ್ತರಕ್ಕೆ ಕಾಯದೆ ಮುಂದೆ ಹೋಗುತ್ತಾರೆ. ಕೆಲವರು "ಇವತ್ತು ಪರ್ವತ ಹೊರಗೆ ಬಂದಿದೆ" ಎನ್ನುತ್ತಿದ್ದರು. ಮೋಡ ಸರಿದು ದೂರದ ಹಿಮಪರ್ವತ ಕಂಡರೆ ಅಲ್ಲಿಯವರಿಗೆ ಅದೊಂದು ಸಮಾಚಾರ. ಮನೆ ಹಿಂದಿನ ಕಾಲುದಾರಿಯ ಬಾಯಲ್ಲಿ ಕರಡಿಯ ಚಿತ್ರ ಬರೆದ ಹಲಗೆ ಇತ್ತು. ಕರಡಿ ಎದುರಾದರೆ ಓಡಬೇಡಿ ಅಂತ ಅದರಲ್ಲಿತ್ತು. ಓಡದೆ ಇನ್ನೇನು ಮಾಡಬೇಕು ಅನ್ನುವುದನ್ನು ಓದುವ ಮೊದಲೇ ನಾನು ವಾಪಸಾಗಿದ್ದೆ.

ಸರ್ ಇಳಿದುಹೋಗಿದ್ದರು. ಶರ್ಟಿನ ಕಾಲರಿನೊಳಗೆ ಕುತ್ತಿಗೆ ಸಣ್ಣದಾಗಿ ಕಾಣುತ್ತಿತ್ತು. ಆದರೆ ಗಲ್ಲ ನುಣುಪಾಗಿತ್ತು, ಕಣ್ಣು ಮೊದಲಿನಂತೆಯೇ ಚುರುಕಾಗಿತ್ತು.

"ಬಂದ್ಯಾ ಸುಮಿತ್ರಾ? ಪ್ರಯಾಣದಲ್ಲಿ ಹೆದರ್ಕೊಂಡ್ಯಾ?"

"ಇಲ್ಲ ಸರ್."

"ಸುಳ್ಳು. ಸರಿ, ಕೂತ್ಕೊ. ಯಾವ ಪದ ತಗೊಂಡಿದೀನಿ ಹೇಳು ನೋಡೋಣ?"

ಹೇಳಬೇಕಾದ ಅಗತ್ಯವೇ ಇರಲಿಲ್ಲ. 'ಸ್ಯಾಂಸೇರ್' ಎಂಬ ಫ್ರೆಂಚ್ ಪದ, ಇಂಗ್ಲಿಷಿನ ಸಿನ್ಸಿಯರ್. ಪ್ರಾಮಾಣಿಕ, ಒಳಗೂ ಹೊರಗೂ ಒಂದೇ ಆದ ಮನುಷ್ಯ ಎಂದರ್ಥ. ಮೈಸೂರಿನಲ್ಲಿ ಪ್ರತಿ ವರ್ಷ ಮೊದಲ ತರಗತಿಯಲ್ಲಿ ಸರ್ ಈ ಪದದ ಹುಟ್ಟು ಹೇಳುತ್ತಿದ್ದರು. ಲ್ಯಾಟಿನ್ನಿನಲ್ಲಿ 'ಸಿನೆ ಕೇರಾ' ಅಂದರೆ ಮೇಣವಿಲ್ಲದೆ. ರೋಮಿನ ಕಪಟ ಶಿಲ್ಪಿಗಳು ಮೂರ್ತಿಯ ಬಿರುಕಿಗೆ ಮೇಣ ಮೆತ್ತಿ ಮಾರುತ್ತಿದ್ದರಂತೆ. ಬಿಸಿಲಿಗೆ ಮೇಣ ಕರಗಿ ಮೋಸ ಬಯಲಾಗುತ್ತಿತ್ತಂತೆ. ಹಾಗಾಗಿ ಒಳ್ಳೆಯ ಶಿಲ್ಪಿ ನನ್ನದು ಮೇಣವಿಲ್ಲದ ಮೂರ್ತಿ ಎಂದು ಸಾರುತ್ತಿದ್ದನಂತೆ. ಇಷ್ಟು ಹೇಳಿ ಸರ್ ಬಳಪದ ಕಲ್ಲಿನ ಒಂದು ಪುಟ್ಟ ಬಸವನನ್ನು ಕಿಟಕಿಯ ಬಿಸಿಲಿಗೆ ಇಡುತ್ತಿದ್ದರು. ಪಾಠ ಮುಗಿಯುವ ಹೊತ್ತಿಗೆ ಬಸವನ ಬೆನ್ನಿಗೆ ಮೊದಲೇ ಮೆತ್ತಿದ್ದ ಮೇಣ ಕರಗಿ ಬಿರುಕು ಬಾಯಿಬಿಡುತ್ತಿತ್ತು. ಆ ಬಿರುಕು ನೋಡಿದ ದಿನವೇ ನಾನು ಫ್ರೆಂಚ್ ಓದುವುದೆಂದು ನಿಶ್ಚಯಿಸಿದ್ದು.

ಆ ಬಸವನನ್ನು ಪಂಚೆಯಲ್ಲಿ ಸುತ್ತಿ ಅಮೆರಿಕಕ್ಕೂ ತಂದಿದ್ದರು. "ಲೈಬ್ರರಿ ರೂಮಲ್ಲಿ ಬಿಸಿಲು ಬರಲ್ವಂತೆ. ಮಂಜುಳಾದು ತಲೆ ಒಣಗಿಸೋ ಮೆಷಿನ್ ಇದೆಯಲ್ಲ, ಅದರ ಬಿಸಿ ಗಾಳಿ ಸಾಕು" ಎಂದು ಚಿಕ್ಕ ಹುಡುಗನ ಹಾಗೆ ನಕ್ಕರು. ನನಗೂ ಖುಷಿಯಾಯಿತು.

ಡೌನ್‌ಟೌನ್ ಬೆಲ್ವ್ಯೂ

ಮಾರನೆಯ ದಿನ ಮಂಜುಳಾ ಡೌನ್‌ಟೌನ್ ಬೆಲ್ವ್ಯೂನ ತನ್ನ ಆಫೀಸಿಗೆ ಹೋಗುವಾಗ ನನ್ನನ್ನು ಅಲ್ಲಿನ ಲೈಬ್ರರಿಗೆ ಬಿಟ್ಟಳು. ಸರ್ ನನಗೆ ಕೆಲಸ ಕೊಟ್ಟಿದ್ದರು. ಈ ಪದ ಫ್ರೆಂಚಿಗೆ ಯಾವ ಶತಮಾನದಲ್ಲಿ ಬಂತೆಂದು ನೋಡಿಕೊಂಡು ಬರಬೇಕು. ಗಾಜಿನ ಕಟ್ಟಡಗಳ ನಡುವೆ, ಕುತ್ತಿಗೆಗೆ ಆಫೀಸಿನ ಬಿಲ್ಲೆ ನೇತುಹಾಕಿಕೊಂಡ ನಮ್ಮವರೇ ಎಷ್ಟೊಂದು ಜನ! ರಸ್ತೆ ದಾಟುವಾಗ ಪಕ್ಕದಲ್ಲೊಬ್ಬ ಕನ್ನಡದಲ್ಲಿ ಫೋನಿನಲ್ಲಿ ಹೆಂಡತಿಗೆ "ಕೊತ್ತಂಬರಿ ಇದೆ ಕಣೇ, ಫ್ರಿಜ್ ಹಿಂದ್ಗಡೆ ನೋಡು" ಎನ್ನುತ್ತಿದ್ದ. ಆ ದಿನ ಧೈರ್ಯ ಕೊಟ್ಟ ಮಾತು ಅದೊಂದೇ.

ಲೈಬ್ರರಿಯಲ್ಲಿ ಸಹಾಯ ಕೇಳಿದೆ. ದಪ್ಪನೆಯ ನಿಘಂಟು ಸಿಕ್ಕಿತು. ಶತಮಾನ ಸಿಕ್ಕಿತು. ಅದರ ಕೆಳಗೆ ಇನ್ನೆರಡು ಸಾಲುಗಳಿದ್ದವು. ಲ್ಯಾಟಿನ್ನಿನ 'ಸಿನ್ಕೇರುಸ್' ಅಂದರೆ ಶುದ್ಧವಾದದ್ದು, ಬೆರಕೆಯಿಲ್ಲದ್ದು. ಬಹುಶಃ 'ಒಂದು' ಮತ್ತು 'ಬೆಳೆ' ಎಂಬ ಹಳೆಯ ಬೇರುಗಳಿಂದ ಬಂದು, ಒಂದೇ ಆಗಿ ಬೆಳೆದದ್ದು ಎಂಬ ಅರ್ಥ ಕೊಡುತ್ತದೆ. ಮೇಣದ ಕಥೆ ಯಾರೋ ಆಮೇಲೆ ಕಟ್ಟಿದ್ದು, ಅದಕ್ಕೆ ಆಧಾರವಿಲ್ಲ.

ಇನ್ನೊಂದು ನಿಘಂಟು ತೆಗೆದೆ. ಅದರಲ್ಲೂ ಅದೇ. ಮೂರನೆಯದರಲ್ಲಿ ಮೇಣದ ಪ್ರಸ್ತಾಪವನ್ನೇ ಮಾಡಿರಲಿಲ್ಲ, ಅಲ್ಲಗಳೆಯುವ ಯೋಗ್ಯತೆಯೂ ಅದಕ್ಕಿಲ್ಲ ಎಂಬಂತೆ. ನಾನು ಇಷ್ಟು ವರ್ಷ ಪಾಠ ಮಾಡಿಯೂ ಈ ಪುಟ ತೆರೆದಿರಲಿಲ್ಲ, ಸರ್ ಹೇಳಿದ್ದಾರೆ ಅಂದಮೇಲೆ ತೆರೆಯುವ ಪ್ರಶ್ನೆಯೇ ಹುಟ್ಟಿರಲಿಲ್ಲ. ಈಗ ಸರ್ ಪರದೇಶದಲ್ಲಿ, ಫ್ರೆಂಚರ ಮುಂದೆ, ಬಸವನನ್ನು ಮೇಜಿನ ಮೇಲಿಟ್ಟುಕೊಂಡು ಇದನ್ನೇ ಹೇಳಲಿದ್ದಾರೆ.

ಸಂಜೆ ಕಾರಿನಲ್ಲಿ ಮಂಜುಳಾಗೆ ಹೇಳಿದೆ. ಅವಳು ಸಿಗ್ನಲಿನಲ್ಲಿ ನಿಂತಿದ್ದ ಕಾರಿನ ಸ್ಟಿಯರಿಂಗಿಗೆ ಹಣೆ ಒರಗಿಸಿದಳು.

"ಅಪ್ಪಂಗೆ ಮಾತ್ರ ಹೇಳ್ಬೇಡಿ ಸುಮಿತ್ರಕ್ಕ. ಟಾಕ್ ಕ್ಯಾನ್ಸಲ್ ಮಾಡ್ಬಿಡ್ತಾರೆ. ಮತ್ತೆ ರೂಮ್ ಸೇರ್ಕೊಂಡ್ರು ಅಂದ್ರೆ ಮುಗೀತು, ಊಟಕ್ಕೂ ಕೆಳಗೆ ಬರಲ್ಲ."

"ಅಲ್ಲಿ ಯಾರಾದ್ರೂ ಎದ್ದು ಹೇಳಿದ್ರೆ?"

"ಯಾರಿಗ್ ಗೊತ್ತಿರತ್ತೆ ಬಿಡಿ... ಅಯ್ಯೋ, ಮಾರ್ಗರೆಟ್! ಗ್ರೂಪ್ ನಡ್ಸೋದೇ ಅವ್ರು. ಹೈಸ್ಕೂಲಲ್ಲಿ ಲ್ಯಾಟಿನ್ ಟೀಚರ್ ಆಗಿದ್ರಂತೆ."

ಹಿಂದಿನ ಕಾರಿನವನು ಹಾರ್ನ್ ಹೊಡೆದ. ಆ ಊರಲ್ಲಿ ಹಾರ್ನ್ ಕೇಳಿದ್ದು ಅದೊಂದೇ ಸಲ.

ಕಾಲುದಾರಿ

ಸರ್‌ಗೆ ಶತಮಾನವನ್ನು ಮಾತ್ರ ಹೇಳಿದೆ. ಅವರು ತಲೆಯಾಡಿಸಿದರು. ಮರುದಿನದಿಂದ ಅಭ್ಯಾಸ ಶುರುವಾಯಿತು. ಬಚ್ಚಲುಮನೆಯಿಂದ ಫ್ರೆಂಚ್ ಕೇಳಿಸುತ್ತಿತ್ತು. ಮೊಮ್ಮಗಳು ಬೇಸಿಗೆ ಶಿಬಿರಕ್ಕೆ ಹೊರಡುತ್ತಾ "ತಾತಾ ಈಸ್ ಸೋ ಲೌಡ್" ಎಂದು ನಗುತ್ತಿದ್ದಳು. ಮನೆಯಲ್ಲಿ ಎಲ್ಲರಿಗೂ ಸಂತೋಷ, ನನಗೊಬ್ಬಳಿಗೆ ರಾತ್ರಿ ನಿದ್ದೆಯಿಲ್ಲ.

ಸಂಜೆ ಅವರೊಂದಿಗೆ ಕಾಲುದಾರಿಯಲ್ಲಿ ವಾಕಿಂಗ್ ಹೋದೆ. ಕರಡಿಯ ಹಲಗೆಯನ್ನೂ ದಾಟಿ ಹೋದೆವು. ಕರಡಿ ಬಂದರೂ ಬರಲಿ ಅನ್ನಿಸುವಷ್ಟು ನನಗೆ ಬೇರೆ ಭಯ ಹಿಡಿದಿತ್ತು.

"ಸರ್, ಬೇರೆ ಪದ ತಗೊಂಡ್ರೆ ಹೇಗೆ? 'ಫೆನೆತ್ರ್', ಕಿಟಕಿ. ಲ್ಯಾಟಿನ್ನಿಂದ ನೇರವಾಗಿ ಬಂದಿದೆ. ಅಮೆರಿಕದವ್ರಿಗೆ ಸುಲಭ..."

ಸರ್ ನಿಂತರು. ಊರುಗೋಲನ್ನು ನೆಲಕ್ಕೆ ಒತ್ತಿದರು.

"ಯಾಕೆ? ನಡುವೆ ನಂಗೆ ಮರೆತುಹೋಗತ್ತೆ ಅಂತ ಭಯಾನಾ?"

"ಛೆ ಛೆ, ಹಾಗಲ್ಲ ಸರ್."

"ಮತ್ತೆ?"

ಆಗ ಹೇಳಬಹುದಿತ್ತು. ಸುತ್ತ ಯಾರೂ ಇರಲಿಲ್ಲ. ನಾಲಿಗೆಯ ತುದಿಯವರೆಗೂ ಬಂದಿತ್ತು. ಅವರ ನುಣ್ಣನೆಯ ಗಲ್ಲ ನೋಡಿದೆ, ನಾಳೆ ಅಲ್ಲಿ ಬಿಳಿ ಗಡ್ಡ ಬೆಳೆದಂತೆ ಕಂಡಿತು.

"ಏನಿಲ್ಲ ಸರ್, ಸುಮ್ನೆ ಕೇಳ್ದೆ" ಎಂದೆ.

ಕರ್ಕ್‌ಲ್ಯಾಂಡ್

ನಮ್ಮ ಕಡೆ ಇಂಥದ್ದಕ್ಕೆಲ್ಲ ಒಂದೇ ಮದ್ದು: ಮುಂಚೆಯೇ ಹೋಗಿ ಒಂದು ಮಾತು ಹಾಕಿಬರುವುದು. ಮದುವೆಯಲ್ಲಿ ಬೀಗರು ಮುನಿಸಿಕೊಳ್ಳಬಹುದೆಂದರೆ ಅವರ ಸೋದರಮಾವನ ಕಿವಿಗೆ ಒಂದು ಮಾತು. ವೈವಾ ದಿನ ಹುಡುಗಿ ಅಳಬಹುದೆಂದರೆ ಪರೀಕ್ಷಕರ ಕಿವಿಗೆ ಒಂದು ಮಾತು. ಅದರಲ್ಲಿ ತಪ್ಪೇನೂ ನನಗೆ ಕಂಡಿರಲಿಲ್ಲ. ಮಾರ್ಗರೆಟ್ಟರ ವಿಳಾಸ ಮಂಜುಳಾಳಿಂದ ಪಡೆದು, ಫೋನ್ ಮಾಡಿ, ಬೆಲ್ವ್ಯೂನಿಂದ ಬಸ್ಸು ಹತ್ತಿ ಒಬ್ಬಳೇ ಕರ್ಕ್‌ಲ್ಯಾಂಡಿಗೆ ಹೊರಟೆ.

ಮೈಸೂರಿನ ಹೊರಗೆ ನಾನು ಒಬ್ಬಳೇ ಬಸ್ಸು ಹತ್ತಿದವಳಲ್ಲ. ಆ ಬಸ್ಸಿನಲ್ಲಿ ಕಂಡಕ್ಟರ್ ಇಲ್ಲ, ಕೂಗುವವರಿಲ್ಲ. ಇಳಿಯುವ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ, ಅವನೇನೋ ಸ್ವಂತ ಕಾರಿನಲ್ಲಿ ಡ್ರಾಪ್ ಕೊಟ್ಟ ಹಾಗೆ. ಇಳಿಯಬೇಕಾದರೆ ಕಿಟಕಿಯ ಮೇಲಿನ ಹಗ್ಗ ಎಳೆಯಬೇಕೆಂದು ನನಗೆ ಯಾರೂ ಹೇಳಿರಲಿಲ್ಲ. ನನ್ನ ಸ್ಟಾಪು ಕಣ್ಣೆದುರೇ ಹಿಂದೆ ಸರಿಯಿತು. ಎದ್ದು ನಿಂತು, ಇದ್ದಬದ್ದ ಉಸಿರೆಲ್ಲ ಸೇರಿಸಿ "ಹೋಲ್ಡಾನ್! ಹೋಲ್ಡಾನ್!" ಎಂದು ಕೂಗಿದೆ. ಬಸ್ಸು ಗಕ್ಕನೆ ನಿಂತಿತು. ಡ್ರೈವರಮ್ಮ ಓಡಿಬಂದು ಎದೆ ನೋಯುತ್ತಿದೆಯೇ ಎಂದು ಕೇಳಿದಳು. ಇಲ್ಲ ಇಲ್ಲ, ಥ್ಯಾಂಕ್ಸ್ ಎಂದು ಇಳಿದೆ. ಬಸ್ಸಿನ ಅಷ್ಟೂ ಜನ ಕಿಟಕಿಯಿಂದ ನೋಡುತ್ತಿದ್ದರು.

ಮಾರ್ಗರೆಟ್ ಸರೋವರದ ಕಡೆ ಬಾಲ್ಕನಿ ಇದ್ದ ಚಿಕ್ಕ ಅಪಾರ್ಟ್‌ಮೆಂಟಿನಲ್ಲಿ ನಾಯಿಯೊಂದಿಗೆ ಇದ್ದರು. ಕರುವಿನಷ್ಟು ಎತ್ತರದ ನಾಯಿ. ನಾನು ಸೋಫಾದಲ್ಲಿ ಕೂತದ್ದೇ ತಡ, ಅದು ಬಂದು ತನ್ನ ಅಷ್ಟಗಲ ತಲೆಯನ್ನು ನನ್ನ ಮಡಿಲಲ್ಲಿ ಇಟ್ಟುಬಿಟ್ಟಿತು. ಅಲುಗಾಡಿದರೆ ಕಚ್ಚೀತೆಂದು ಉಸಿರು ಹಿಡಿದು, ಆ ಭಂಗಿಯಲ್ಲೇ ಬಂದ ಕೆಲಸ ಹೇಳಿದೆ. ನಾವಿಬ್ಬರೂ ಮಾತಾಡಿದ್ದು ಇಂಗ್ಲಿಷಿನಲ್ಲಿ.

"ಓ, ಮೇಣದ ಕಥೆ!" ಮಾರ್ಗರೆಟ್ ನಕ್ಕರು. "ನನ್ನ ಅಜ್ಜಿಯೂ ಹೇಳುತ್ತಿದ್ದಳು. ತುಂಬಾ ಚೆಂದದ ಕಥೆ, ನಿಜವಲ್ಲ ಅಷ್ಟೆ."

"ದಯವಿಟ್ಟು ಆ ದಿನ ಅದನ್ನು ಹೇಳಬೇಡಿ."

"ಯಾಕೆ? ಅವರಿಗೆ ತಿಳಿಯುವುದು ಬೇಡವೇ?"

"ಅವರು ನನ್ನ ಗುರುಗಳು."

"ಅದಕ್ಕೇ ಕೇಳಿದೆ" ಎಂದರು ಮಾರ್ಗರೆಟ್. ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಸರ್ ಹೆಂಡತಿಯನ್ನು ಕಳೆದುಕೊಂಡದ್ದು, ಕೋಣೆ ಸೇರಿದ್ದು, ಗಡ್ಡ ಬೋಳಿಸತೊಡಗಿದ್ದು ಎಲ್ಲ ಹೇಳಿದೆ. ಹೇಳುತ್ತಾ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ನಾಯಿ ಬಿಡಲಿಲ್ಲ. ಆಕೆ ತಾನು ಸುಮ್ಮನಿರುವೆನೆಂದೂ ಉಳಿದವರಿಗೂ ಹೇಳುವೆನೆಂದೂ ಮಾತು ಕೊಟ್ಟರು. ಉಳಿದವರ ವಿಷಯ ನಾನು ಕೇಳಿರಲಿಲ್ಲ. ಆದರೆ ಅಲ್ಲಿಯವರು ಒಂದು ಕೆಲಸ ಒಪ್ಪಿಕೊಂಡರೆ ನಮ್ಮ ಹಾಗೆ 'ನೋಡೋಣ ಬಿಡಿ' ಎನ್ನುವುದಿಲ್ಲ, ಮಾಡಿಯೇ ತೀರುತ್ತಾರೆ. ಅವತ್ತು ನನಗೆ ಅದು ವರವಾಗಿಯೇ ಕಂಡಿತು.

ಲೈಬ್ರರಿಯ ಕೋಣೆ

ಸರ್ ಕೋಟು ಹಾಕಿದ್ದರು. ಕೋಣೆಯಲ್ಲಿ ಹದಿನೈದಿಪ್ಪತ್ತು ಜನ. ಹೆಚ್ಚಿನವರು ಫ್ರೆಂಚ್ ಕಲಿಯುವ ಅಮೆರಿಕನ್ನರು, ನಡುವೆ ಒಬ್ಬ ಅಸಲಿ ಫ್ರೆಂಚಿನವನು, ಬೇಕರಿ ಇಟ್ಟವನು. ನಾನೂ ಮಂಜುಳಾಳೂ ಕೊನೆಯ ಸಾಲಿನಲ್ಲಿ ಕೂತೆವು. ಅವಳು ನನ್ನ ಕೈ ಹಿಡಿದಿದ್ದಳು.

ಸರ್ ಫ್ರೆಂಚಿನಲ್ಲಿ ಶುರು ಮಾಡಿದರು. ಎಂಥ ದನಿ! ಮೈಸೂರಿನ ತರಗತಿಯೇ ಎದ್ದು ಬಂದಂತಾಯಿತು. ರೋಮಿನ ಶಿಲ್ಪಿ ಬಂದ, ಬಿರುಕು ಬಂತು, ಮೇಣ ಬಂತು. ಬಿಸಿ ಗಾಳಿಯ ಯಂತ್ರ ಹಾಕಿದರು, ಬಸವನ ಬೆನ್ನಿನಿಂದ ಮೇಣ ಜಾರಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಾರ್ಗರೆಟ್ ಎಲ್ಲರಿಗಿಂತ ಜೋರಾಗಿ ತಟ್ಟಿದರು. ಗೆದ್ದೆವು ಅಂದುಕೊಂಡೆ.

"ಪ್ರಶ್ನೆಗಳಿವೆಯೇ?" ಎಂದರು ಸರ್.

ಯಾರೂ ಮಾತಾಡಲಿಲ್ಲ. ಎಲ್ಲರೂ ಮುಗುಳ್ನಕ್ಕರು. ಆಸ್ಪತ್ರೆಯಲ್ಲಿ ಮಲಗಿದವರನ್ನು ನೋಡಲು ಹೋದಾಗ ನಗುತ್ತೇವಲ್ಲ, ಆ ನಗು. ಸರ್ ಒಂದೊಂದೇ ಮುಖ ನೋಡುತ್ತಾ ಬಂದರು. ಆಮೇಲೆ ಬಸವನನ್ನು ಪಕ್ಕಕ್ಕಿಟ್ಟು, ಅದೇ ಗಂಭೀರ ದನಿಯಲ್ಲಿ, ಲ್ಯಾಟಿನ್ ಭಾಷೆಯನ್ನು ರೋಮಿನಿಂದ ಫ್ರಾನ್ಸಿಗೆ ಹೊತ್ತು ತಂದವನು ನೆಪೋಲಿಯನ್ ಎಂದರು.

ಇದು ಸರ್ ತರಗತಿಯಲ್ಲಿ ಬಳಸುತ್ತಿದ್ದ ಉಪಾಯ. ಹುಡುಗರು ತೂಕಡಿಸುತ್ತಿದ್ದಾರೋ ನೋಡಲು ಬೇಕೆಂದೇ ಒಂದು ಹಸಿ ಸುಳ್ಳು ಹೇಳುತ್ತಿದ್ದರು. ಅಲ್ಲಿ ಕೂತ ಅಷ್ಟೂ ಜನ ತಲೆಯಾಡಿಸಿದರು. ಬೇಕರಿಯ ಫ್ರೆಂಚಿನವನು ಕೂಡ ತಲೆಯಾಡಿಸಿದ. ಮುಂದಿನ ಸಾಲಿನ ಹೆಂಗಸೊಬ್ಬಳು, ತುಂಬಾ ಸ್ವಾರಸ್ಯವಾಗಿದೆ ಎಂದಳು.

ಸರ್ ಅವರಲ್ಲಿ ಯಾರ ಕಡೆಯೂ ನೋಡಲಿಲ್ಲ. ಕೊನೆಯ ಸಾಲಿಗೆ ನೋಡಿದರು. ಕನ್ನಡದಲ್ಲಿ ಕೇಳಿದರು:

"ಸುಮಿತ್ರಾ, ಇವ್ರಿಗೆಲ್ಲ ಏನು ಹೇಳಿ ಕೂರ್ಸಿದೀಯ?"

ನಾನು ಎದ್ದು ನಿಂತೆ. ಐವತ್ತು ದಾಟಿದ ಹೆಂಗಸು, ಹೋಮ್‌ವರ್ಕ್ ಮಾಡದ ಹುಡುಗಿಯ ಹಾಗೆ ಕುರ್ಚಿಯ ಬೆನ್ನು ಹಿಡಿದು ನಿಂತೆ. ಮಂಜುಳಾ ಬಿಟ್ಟರೆ ಸುತ್ತ ಯಾರಿಗೂ ಕನ್ನಡ ಬಾರದು. ಆದರೂ ಎಲ್ಲರಿಗೂ ಎಲ್ಲವೂ ತಿಳಿದಂತೆ ಕೋಣೆ ತಣ್ಣಗಾಯಿತು.

"ಮೇಣದ ಕಥೆ ನಿಜ ಅಲ್ವಂತೆ ಸರ್. ನಿಘಂಟಿನಲ್ಲಿ ನೋಡ್ದೆ. ಯಾರೂ ಎದ್ದು ಹೇಳ್ಬೇಡಿ ಅಂತ... ನಾನೇ ಹೋಗಿ ಕೇಳ್ಕೊಂಡೆ."

"ಯಾರಿಗೆ ಗೊತ್ತು ಇಲ್ಲಿ?"

ಮಾರ್ಗರೆಟ್ಟರನ್ನು ತೋರಿಸಿದೆ. ಸರ್ ಆಕೆಗೆ ಫ್ರೆಂಚಿನಲ್ಲಿ, ಮೇಡಂ, ದಯವಿಟ್ಟು ಇಲ್ಲಿ ಬಂದು ಹೇಳಿ ಎಂದರು. ಆಕೆ ಬಂದರು. ಸರ್ ಮುಂದಿನ ಸಾಲಿನ ಖಾಲಿ ಕುರ್ಚಿಯಲ್ಲಿ ಕೂತರು. ಮಾರ್ಗರೆಟ್ ಒಂದೇ ಆಗಿ ಬೆಳೆದದ್ದು, ಬೆರಕೆಯಿಲ್ಲದ್ದು ಎಂದು ವಿವರಿಸಿದರು. ಸರ್ ಕೈಯೆತ್ತಿ ಪ್ರಶ್ನೆ ಕೇಳಿದರು. ಇನ್ನೊಂದು ಕೇಳಿದರು. ಮೂರನೆಯದಕ್ಕೆ ಮಾರ್ಗರೆಟ್ ತಡವರಿಸಿ, ನನಗೂ ಗೊತ್ತಿಲ್ಲ ಎಂದರು. ಬೇಕರಿಯವನು ನಡುವೆ ಬಾಯಿ ಹಾಕಿದ, ಯಾರೋ ಅವನನ್ನು ತಿದ್ದಿದರು, ಗಲಾಟೆ ಶುರುವಾಯಿತು. ಲೈಬ್ರರಿಯವರು ಬಂದು ಬಾಗಿಲು ಮುಚ್ಚುವ ಹೊತ್ತಾಯಿತೆನ್ನುವವರೆಗೂ ನಡೆಯಿತು. ಅಷ್ಟು ಹೊತ್ತಿನಲ್ಲಿ ಸರ್ ಒಮ್ಮೆಯೂ ನನ್ನ ಕಡೆ ತಿರುಗಲಿಲ್ಲ.

ಮನೆಗೆ ಬಂದೆವು. ಸರ್ ಸೀದಾ ಮೇಲೆ ಹೋಗಿ ಬಾಗಿಲು ಹಾಕಿಕೊಂಡರು.

ಹೊರಡುವ ದಿನ

ಮೂರು ದಿನ ಅವರು ಊಟಕ್ಕೆ ಕೆಳಗೆ ಬಂದರು, ಊಟ ಮಾಡಿದರು, ನನ್ನೊಡನೆ ಮಾತಾಡದೆ ಮೇಲೆ ಹೋದರು. ಮಂಜುಳಾ ಒಂದು ಬೆಳಿಗ್ಗೆ ನನ್ನ ಪಕ್ಕ ಬಂದು ಪಿಸುಗುಟ್ಟಿದಳು: "ಶೇವ್ ಮಾಡ್ಕೊಂಡಿದಾರೆ ಅಕ್ಕ. ನಿಮ್ ಮೇಲೆ ಸಿಟ್ಟು ಅಷ್ಟೆ." ಅಷ್ಟೆ ಅಂದಳಲ್ಲ! ಅದಕ್ಕೆ ಸಮಾಧಾನಪಡಬೇಕೋ ಅಳಬೇಕೋ ತಿಳಿಯಲಿಲ್ಲ. ಇನ್ನೆಂದೂ ನನ್ನನ್ನು ಹೆಸರು ಹಿಡಿದು ಕರೆಯುವುದಿಲ್ಲವೇನೋ, ಹೀಗೆಯೇ ಊರಿಗೆ ಹೋಗಬೇಕೇನೋ ಎಂಬ ಭಯದಲ್ಲಿ ಪೆಟ್ಟಿಗೆ ಕಟ್ಟಿದೆ.

ಹೊರಡುವ ಬೆಳಿಗ್ಗೆ ಮಂಜುಳಾ ಕಾರು ತೆಗೆಯುತ್ತಿದ್ದಾಗ ಮೆಟ್ಟಿಲು ಹತ್ತಿ ಅವರ ಕೋಣೆಗೆ ಹೋದೆ. ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದರು. ನಮಸ್ಕಾರ ಮಾಡಲು ಬಗ್ಗಿದೆ. ಸರ್ ಕಾಲು ಹಿಂದಕ್ಕೆಳೆದುಕೊಂಡರು.

ಬಗ್ಗಿದವಳು ಏಳಲೂ ಆಗದೆ ಹಾಗೇ ಇದ್ದೆ.

"ಬಸ್ಸಲ್ಲಿ ಹೋದ್ಯಂತೆ, ಕರ್ಕ್‌ಲ್ಯಾಂಡ್‌ಗೆ. ಒಬ್ಬಳೇ."

"ಹೂಂ ಸರ್."

"ಅಷ್ಟು ದೂರ ಹೋಗಿ, ಗುರುತು ಪರಿಚಯ ಇಲ್ದೋರ ಹತ್ರ ಹೇಳಿ ಬಂದೆ. ನಾನು ಇಲ್ಲೇ ಇದ್ದೆ. ಈ ಮೆಟ್ಲು ಹತ್ತಿ ಬಂದು ನಂಗೆ ಹೇಳಕ್ಕಾಗ್ಲಿಲ್ಲ ನಿಂಗೆ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

"ನಿಮಗೆ ನೋವಾಗತ್ತೆ ಅಂತ ಸರ್."

"ಆಗ್ತಿತ್ತು. ಒಂದು ದಿನ ಆಗ್ತಿತ್ತು. ಆಮೇಲೆ ಇಬ್ರೂ ಕೂತು ಸರಿಯಾಗಿ ಪಾಠ ಬರ್ಕೊತಿದ್ವಿ." ಕಿಟಕಿಯ ಕಡೆ ತಿರುಗಿದರು. "ತಪ್ಪು ತಿದ್ದಿಸ್ಕೊಳ್ಳಕ್ಕೂ ಲಾಯಕ್ಕಿಲ್ದಷ್ಟು ಮುದುಕ ಆದ್ನಾ ನಾನು, ಸುಮಿತ್ರಾ?"

ನಾನು ಅತ್ತೆ. ಅವರು ಸುಮ್ಮನಿರು ಎನ್ನಲಿಲ್ಲ, ಅಳಲು ಬಿಟ್ಟರು. ಕೆಳಗಿನಿಂದ ಮಂಜುಳಾ, ಫ್ಲೈಟಿಗೆ ಲೇಟಾಗತ್ತೆ ಎಂದು ಕೂಗಿದಳು. ಸರ್ ಎದುರಿನ ಕುರ್ಚಿ ತೋರಿಸಿ ಕೂತುಕೋ ಎಂದರು.

"ಈಗ ಹೇಳು. ಇನ್ನೇನೇನು ತಪ್ಪು ಕಲ್ಸಿದೀನಿ?"

ಕುರ್ಚಿಯ ಅಂಚಿನಲ್ಲಿ ಕೂತೆ, ಸೆರಗಿನಿಂದ ಮೂಗು ಒರೆಸಿಕೊಂಡೆ, ಅವರ ಮುಖ ನೋಡುವ ಧೈರ್ಯ ಸಾಲದೆ ನನ್ನ ಕೈಗಳನ್ನೇ ನೋಡುತ್ತಾ ಶುರು ಮಾಡಿದೆ.

"ಒಂದಿದೆ ಸರ್."